ಎಸ್.ಪಿ. ರೋಡಿಗೆ ಹೋಗುವ ಮುನ್ನ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಒಂದೊಂದು ಸರಕಿಗೂ ಒಂದೊಂದು ಬೀದಿ. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ, ಮಡಕೆಗೆ ಕುಂಬಾರಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಈ ಪೇಟೆಯಲ್ಲಿ ಈಗ ಅನೇಕ ಬೀದಿಗಳಲ್ಲಿ ಹೆಸರು ಮಾತ್ರ ಉಳಿದಿದೆ, ಸರಕು ಬದಲಾಗಿದೆ. ಆದರೆ ಒಂದೇ ಸರಕಿನವರು ಒಂದೇ ಬೀದಿಯಲ್ಲಿ ಸೇರುವ ಹಳೆಯ ಪದ್ಧತಿ ಹೋಗಿಲ್ಲ. ಅದರಂತೆಯೇ ನಮ್ಮ ಕಾಲದ ಕಂಪ್ಯೂಟರಿಗೂ ಅಲ್ಲೊಂದು ಬೀದಿಯಾಗಿದೆ. ಅದೇ ಸದರ್ ಪತ್ರಪ್ಪ ರಸ್ತೆ. ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್.

ಪ್ರಿಯ ಓದುಗರೇ, "ಕಂಪ್ಯೂಟರ್ ಬೀದಿಗೂ ನಮಗೂ ಏನು ಸಂಬಂಧ? ಅದು ಗಂಡು ಮಕ್ಕಳ ವಿಷಯ" ಎಂದು ನೀವು ಪುಟ ತಿರುಗಿಸಬೇಡಿ. ನಿಮ್ಮ ಮನೆಯಲ್ಲಿ ಹೈಸ್ಕೂಲು ಅಥವಾ ಪಿಯುಸಿ ಓದುವ ಮಗನಿದ್ದರೆ ಇಂದಲ್ಲ ನಾಳೆ ಅವನು "ಅಮ್ಮಿ, ನನಗೊಂದು ಗೇಮಿಂಗ್ ಪಿಸಿ ಬೇಕು" ಎಂದು ಕೇಳಿಯೇ ಕೇಳುತ್ತಾನೆ. ಈಗೀಗ ಹೆಣ್ಣು ಮಕ್ಕಳೂ ಕೇಳುತ್ತಾರೆ. ಆಗ ಹಣ ಹೊರಡುವುದು ನಿಮ್ಮ ಪೆಟ್ಟಿಗೆಯಿಂದಲೇ. ಹಣ ಕೊಡುವವರಿಗೆ ಏನು ಕೊಳ್ಳುತ್ತಿದ್ದೇವೆಂದು ತಿಳಿದಿರಬೇಡವೇ?

2024ರ ಬೇಸಿಗೆ ರಜೆಯಲ್ಲಿ ನಾನು ಈ ಬೀದಿಗೆ ಹೋಗಬೇಕಾಗಿ ಬಂದದ್ದು ನನ್ನ ಅಕ್ಕನಿಗಾಗಿ. ಆಕೆ ರಾಮನಗರದಲ್ಲಿ ಹೊಲಿಗೆ ಮಾಡುತ್ತಾಳೆ. ಶಾಲಾ ಸಮವಸ್ತ್ರ, ಮದುವೆ ಸೀಸನ್ನಿನ ಬಟ್ಟೆ ಎಂದು ಎರಡು ವರ್ಷ ಹೊಲಿದು ಉಳಿಸಿದ್ದು ಐವತ್ತೈದು ಸಾವಿರ ರೂಪಾಯಿ. ಮಗ ಪಿಯುಸಿ ಪಾಸಾದರೆ ಕಂಪ್ಯೂಟರ್ ಎಂದು ಮಾತು ಕೊಟ್ಟಿದ್ದಳು. ಅವನು ಪಾಸಾದ. ಆದರೆ ಅವನಿಗೆ ಬೇಕಾದದ್ದು ಬರೇ ಟೈಪ್ ಮಾಡುವ ಕಂಪ್ಯೂಟರಲ್ಲ, ಆಟ ಆಡುವ ಕಂಪ್ಯೂಟರು. ಅಕ್ಕನಿಗೆ ಆತಂಕ. "ನೀನು ಓದಿದವಳು, ಜೊತೆಗೆ ಬಾ" ಎಂದಳು. ನಾನು ಓದಿದ್ದು ಮದ್ರಸಾದಲ್ಲಿ ಅರಬಿ, ಕಾಲೇಜಿನಲ್ಲಿ ಬಿ.ಎ. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿರುತ್ತದೆಂದು ನನಗೆ ಕಲಿಸಿದ್ದು ಆ ಹುಡುಗನೇ. "ಖಾಲಾ, ಇದನ್ನು ಬರೆದುಕೊಳ್ಳಿ" ಎನ್ನುತ್ತಾ ಒಂದು ತಿಂಗಳು ಪಾಠ ಹೇಳಿದ. ನಾನು ವಿದ್ಯಾರ್ಥಿನಿಯಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ ಹಿಡಿದೇ ನಾವು ಮೂವರು ರೈಲು ಹತ್ತಿದೆವು.

ಬೀದಿಯ ಪರಿಚಯ

ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ, ಅದರ ನಂತರದ್ದು ಕೆ.ಆರ್. ಮಾರ್ಕೆಟ್. 2017ರಲ್ಲಿ ಈ ಸುರಂಗ ಮಾರ್ಗ ಆರಂಭವಾದ ಮೇಲೆ ಪರ ಊರಿನವರಿಗೆ ಬಹಳ ಅನುಕೂಲವಾಗಿದೆ. ಎರಡರಲ್ಲಿ ಎಲ್ಲಿ ಇಳಿದರೂ ನಡೆದೇ ಹೋಗಬಹುದು. 1935ರಲ್ಲಿ ಕಟ್ಟಿ ಮುಗಿದ ಬಿಳಿ ಕಂಬಗಳ ಪುಟ್ಟಣ್ಣ ಚೆಟ್ಟಿ ಪುರಭವನ, ಅಂದರೆ ಟೌನ್ ಹಾಲ್, ಕೂಡ ಹತ್ತಿರವೇ. ಕಾರು ತರುವ ಸಾಹಸ ಮಾತ್ರ ಬೇಡ. ನಿಲ್ಲಿಸಲು ಜಾಗ ಹುಡುಕುವುದರಲ್ಲಿಯೇ ಅರ್ಧ ದಿನ ಕಳೆಯುತ್ತದೆ. ಹೆಚ್ಚಿನ ಅಂಗಡಿಗಳಿಗೆ ಭಾನುವಾರ ರಜೆ. ಬೆಳಿಗ್ಗೆ ಬೇಗ ಹೋದರೂ ಪ್ರಯೋಜನವಿಲ್ಲ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಶಟರುಗಳು ಒಂದೊಂದಾಗಿ ಮೇಲೇಳುತ್ತವೆ.

ಬೀದಿ ಅಗಲವಾದದ್ದಲ್ಲ. ತಲೆಯ ಮೇಲೆ ಮಾನಿಟರ್ ಪೆಟ್ಟಿಗೆ ಹೊತ್ತ ಕೂಲಿಗಳು, ತಳ್ಳುಗಾಡಿಗಳು, ಸ್ಕೂಟರುಗಳು, ಇವುಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ಕೆಳಗೆ ದೊಡ್ಡ ಬೋರ್ಡಿನ ಅಂಗಡಿಗಳು. ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಕೋಣೆಯಷ್ಟೇ ಅಗಲದ ಹತ್ತಾರು ಅಂಗಡಿಗಳು. ಒಂದು ಕಡೆ ಸಿಸಿಟಿವಿ ಕ್ಯಾಮರಾ, ಇನ್ನೊಂದು ಕಡೆ ಹಳೆಯ ಲ್ಯಾಪ್‌ಟಾಪ್, ಮತ್ತೊಂದು ಕಡೆ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಕೊಳ್ಳುವ ಸಣ್ಣಪುಟ್ಟ ಬಿಡಿಭಾಗಗಳು. ಕನ್ನಡ, ಉರ್ದು, ಹಿಂದಿ, ತಮಿಳು, ಮಾರ್ವಾಡಿ ಎಲ್ಲ ಭಾಷೆಗಳೂ ಇಲ್ಲಿ ಕೇಳಿಸುತ್ತವೆ. ಬಾಗಿಲಲ್ಲಿ ನಿಂತ ಹುಡುಗರು "ಏನ್ ಬೇಕು ಮೇಡಂ? ಲ್ಯಾಪ್‌ಟಾಪಾ, ಮಾನಿಟರಾ?" ಎಂದು ಕರೆಯುತ್ತಾರೆ. ನಮಗೆ ಬುರ್ಖಾದಲ್ಲಿ ಹೋದ ಇಬ್ಬರು ಹೆಂಗಸರೆಂಬ ಸಂಕೋಚ ಮೊದಲ ಹತ್ತು ನಿಮಿಷ ಮಾತ್ರ ಇತ್ತು. ಇದೂ ಒಂದು ಸಂತೆಯೇ. ಸೀರೆ ಕೊಂಡು, ತರಕಾರಿ ಕೊಂಡು, ಚಿನ್ನಕ್ಕೆ ಹಾಲ್‌ಮಾರ್ಕ್ ನೋಡಿ ಅಭ್ಯಾಸವಿರುವ ಹೆಣ್ಣು ಮಕ್ಕಳಿಗೆ ಸಂತೆ ಹೊಸದಲ್ಲ. ಸರಕಿನ ಹೆಸರು ಮಾತ್ರ ಹೊಸದು.

ನೂರು ರೂಪಾಯಿಯ ಹಂಚಿಕೆ

ಹಾಗಾದರೆ ಆ ಹೆಸರುಗಳನ್ನು ಮೊದಲು ತಿಳಿದುಕೊಳ್ಳೋಣ. ಕಂಪ್ಯೂಟರನ್ನು ಇಡಿಯಾಗಿ ಕೊಳ್ಳದೆ ಭಾಗಗಳನ್ನು ಬೇರೆ ಬೇರೆಯಾಗಿ ಆರಿಸಿ ಜೋಡಿಸುವುದಕ್ಕೆ ಅಸೆಂಬಲ್ ಮಾಡುವುದು ಎನ್ನುತ್ತಾರೆ. ಮುಖ್ಯವಾಗಿ ಏಳು ಭಾಗಗಳು. ಲೆಕ್ಕ ಮಾಡುವ ಪ್ರೊಸೆಸರ್. ಎಲ್ಲವನ್ನೂ ಕೂಡಿಸುವ ಮದರ್‌ಬೋರ್ಡ್. ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳಲು ಬೇಕಾದ ಕಟ್ಟೆಯಂತಹ ರ‍್ಯಾಮ್. ಸಾಮಾನು ಕಾಯಂ ಆಗಿ ಇಡುವ ಉಗ್ರಾಣದಂತಹ ಎಸ್‌ಎಸ್‌ಡಿ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್. ಕರೆಂಟು ಹಂಚುವ ಎಸ್‌ಎಂಪಿಎಸ್. ಇವೆಲ್ಲ ಕೂರುವ ಕ್ಯಾಬಿನೆಟ್. ಮಾನಿಟರ್, ಕೀಬೋರ್ಡ್, ಮೌಸ್ ಇದರ ಹೊರಗಿನ ಲೆಕ್ಕ. ನಮ್ಮಲ್ಲಿ ಮಾನಿಟರಿಗೆ ಹಣ ಸಾಲದೆ, ಮನೆಯ ಟಿ.ವಿ.ಗೇ ಎಚ್‌ಡಿಎಂಐ ತಂತಿ ಸಿಕ್ಕಿಸುವುದೆಂದು ಮೊದಲೇ ತೀರ್ಮಾನವಾಗಿತ್ತು.

ಆಟಕ್ಕೆ ಗ್ರಾಫಿಕ್ಸ್ ಕಾರ್ಡ್ ಏಕೆ ಬೇಕು? ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಒಟ್ಟು 20 ಲಕ್ಷಕ್ಕಿಂತ ಹೆಚ್ಚು. ಆಟ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಸಲ ಇಡೀ ಚಿತ್ರವನ್ನು ಹೊಸದಾಗಿ ಬಿಡಿಸಬೇಕು. ಅಂದರೆ ಒಂದು ಸೆಕೆಂಡಿನಲ್ಲಿ 12 ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ಈ ಕೆಲಸಕ್ಕೆಂದೇ ಇರುವುದು ಗ್ರಾಫಿಕ್ಸ್ ಕಾರ್ಡ್. ಇದೇ ಕಾರ್ಡು ವೀಡಿಯೋ ಎಡಿಟಿಂಗಿಗೂ, ಮನೆಯ ನಕ್ಷೆಯನ್ನು ತ್ರೀ-ಡಿಯಲ್ಲಿ ತೋರಿಸುವುದಕ್ಕೂ ಬೇಕು. ಆದ್ದರಿಂದ ಗೇಮಿಂಗ್ ಕಂಪ್ಯೂಟರೆಂದರೆ ಬರೇ ಆಟದ ಸಾಮಾನಲ್ಲ. ಕಲಿಯುವ ಹುಡುಗನ ಕೈಗೆ ಸಿಕ್ಕರೆ ಅದು ಹೊಲಿಗೆ ಯಂತ್ರದಂತೆ ದುಡಿಮೆಗೂ ಬರಬಹುದು.

ಇನ್ನು ಹಣದ ಹಂಚಿಕೆ. ನಮ್ಮ ನೋಟ್‌ಬುಕ್ಕಿನಲ್ಲಿ ನೂರು ರೂಪಾಯಿಗೆ ಹೀಗೆ ಬರೆದುಕೊಂಡಿದ್ದೆವು: ಗ್ರಾಫಿಕ್ಸ್ ಕಾರ್ಡಿಗೆ 40, ಪ್ರೊಸೆಸರಿಗೆ 20, ಮದರ್‌ಬೋರ್ಡಿಗೆ 13, ಎಸ್‌ಎಂಪಿಎಸ್‌ಗೆ 8, ರ‍್ಯಾಮ್‌ಗೆ 7, ಎಸ್‌ಎಸ್‌ಡಿಗೆ 7, ಕ್ಯಾಬಿನೆಟ್ಟಿಗೆ 5. ಅಕ್ಕ ಇದನ್ನು ನೋಡಿದವಳೇ, "ಮದುವೆ ಬಟ್ಟೆಯ ಲೆಕ್ಕವೂ ಹೀಗೆಯೇ. ಬಟ್ಟೆಗೆ ಹೆಚ್ಚು, ಜರಿಗೆ ಕಡಿಮೆ. ಜರಿಗೇ ಹಣ ಸುರಿದರೆ ಬಟ್ಟೆ ಒಂದೇ ಒಗೆತಕ್ಕೆ ಹರಿಯುತ್ತದೆ" ಎಂದಳು. ಮಾರುಕಟ್ಟೆಯಲ್ಲಿ ನಮ್ಮನ್ನು ಕಾಪಾಡಿದ್ದು ಈ ಲೆಕ್ಕವೇ.

ಐ7 ಎಂದರೆ ಯಾವ ಐ7?

ನಾವು ಕಾಲಿಟ್ಟ ಮೊದಲ ಅಂಗಡಿಯ ಗಾಜಿನ ಹಿಂದೆ ಒಂದು ಕಂಪ್ಯೂಟರ್ ಝಗಮಗ ಹೊಳೆಯುತ್ತಿತ್ತು. ಗಾಜಿನ ಕ್ಯಾಬಿನೆಟ್, ಒಳಗೆ ತಿರುಗುವ ನಾಲ್ಕು ಫ್ಯಾನು, ಅವುಗಳಲ್ಲಿ ಕಾಮನಬಿಲ್ಲಿನ ಬಣ್ಣಗಳು. "ಐ7 ಗೇಮಿಂಗ್ ಪಿಸಿ ಮೇಡಂ. 16 ಜಿಬಿ ರ‍್ಯಾಮ್, 2 ಜಿಬಿ ಗ್ರಾಫಿಕ್ಸ್. ಎಲ್ಲಾ ಗೇಮ್ ಓಡುತ್ತೆ. ನಿಮಗೆ ಅಂತ ಮೂವತ್ತೆಂಟು ಸಾವಿರ" ಎಂದ ಅಂಗಡಿಯಾತ. ನಮ್ಮ ಬಳಿ ಇದ್ದದ್ದಕ್ಕಿಂತ ಹದಿನೇಳು ಸಾವಿರ ಕಡಿಮೆ! ತಿಂಗಳುಗಟ್ಟಲೆ ನನಗೆ ಪಾಠ ಹೇಳಿದ ಹುಡುಗನ ಕಣ್ಣು ಕೂಡ ಆ ಬಣ್ಣದ ಫ್ಯಾನುಗಳ ಮೇಲೆಯೇ ನಿಂತುಬಿಟ್ಟಿತು.

ಅಕ್ಕ ಕೇಳಿದಳು: "ಈ ಐ7 ಯಾವ ವರ್ಷದ್ದು?"

"ಅದೆಲ್ಲ ಏನಿಲ್ಲ ಮೇಡಂ, ಐ7 ಅಂದ್ರೆ ಐ7. ಐ3, ಐ5ಗಿಂತ ಮೇಲೆ."

"ಅಲ್ಲಪ್ಪ, ನಾವು ರಾಮನಗರದವರು. ಬರೇ ರೇಷ್ಮೆ ಗೂಡು ಅಂದ್ರೆ ಅಲ್ಲಿ ಯಾರೂ ತೂಕಕ್ಕೆ ಇಡುವುದಿಲ್ಲ. ಯಾವ ಗೂಡು, ಎಂದಿನ ಗೂಡು ಅಂತ ನೋಡ್ತಾರೆ. ಪೂರ್ತಿ ನಂಬರು ಹೇಳು."

ಆತ ಒಲ್ಲದ ಮನಸ್ಸಿನಿಂದ ಪರದೆಯಲ್ಲಿ ತೋರಿಸಿದ. ಐ7-4770. ನಾನು ನೋಟ್‌ಬುಕ್ ತೆರೆದೆ. ಇಂಟೆಲ್ ಕಂಪೆನಿಯ ಈ ಸರಣಿಯಲ್ಲಿ ಗೆರೆಯ ನಂತರದ ಸಂಖ್ಯೆ ತಲೆಮಾರನ್ನು ಹೇಳುತ್ತದೆ. 4770 ಎಂದರೆ ನಾಲ್ಕನೆಯ ತಲೆಮಾರು, 2013ರಲ್ಲಿ ಬಂದದ್ದು. 12100 ಎಂದರೆ ಹನ್ನೆರಡನೆಯ ತಲೆಮಾರು, 2022ರದ್ದು. ಹೆಸರಿಗೆ ಅದು ಐ3. ಆದರೆ ಎರಡರಲ್ಲೂ ಇರುವುದು ನಾಲ್ಕೇ ಕೋರ್, ಎಂಟೇ ಥ್ರೆಡ್, ಮತ್ತು ವೇಗದಲ್ಲಿ ಹೊಸ ಐ3 ಆ ಹಳೆಯ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಇನ್ನು ಆ 2 ಜಿಬಿ ಕಾರ್ಡು ಜಿಟಿ 730. ಅದು 2014ರದ್ದು. ಪರದೆಗೆ ಚಿತ್ರ ಕೊಡಲು ಸಾಕು, ಇಂದಿನ ದೊಡ್ಡ ಆಟಗಳಿಗೆ ಸಾಲದು. ಅಂದರೆ ಯಾವುದೋ ಕಚೇರಿಯಲ್ಲಿ ಹತ್ತು ವರ್ಷ ದುಡಿದು ಬಂದ ಯಂತ್ರಕ್ಕೆ ಹೊಸ ಗಾಜಿನ ಅಂಗಿ ತೊಡಿಸಿದ್ದರು.

ಹಳೆಯದನ್ನು ಹಳೆಯದೆಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಪಾಠಕ್ಕೆ, ಟೈಪಿಂಗಿಗೆ ಅದು ಸಾಕಾಗಬಹುದು, ಬೆಲೆಯೂ ಅದಕ್ಕೆ ತಕ್ಕಂತೆ ಇರಬೇಕು. ಆದರೆ ಬೆಳಕು ಹಾಕಿ ಗೇಮಿಂಗ್ ಎಂದು ಮಾರುವುದು ಬೇರೆ ಮಾತು. ಇನ್ನೊಂದು ಅಂಶ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕೆಂಬುದು ಕಂಪೆನಿಯ ನಿಯಮ. ಆದುದರಿಂದ ಇಂದು ನಿಮಗೆ ಯಾರಾದರೂ ಐ5, ಐ7 ಎಂದು ಹೇಳಿದರೆ ಕೂಡಲೇ "ಎಷ್ಟನೇ ಜನರೇಷನ್?" ಎಂದು ಕೇಳಿ. ಈ ಒಂದೇ ಪ್ರಶ್ನೆಗೆ ಅಂಗಡಿಯವರ ದನಿ ಬದಲಾಗುವುದನ್ನು ನೀವೇ ನೋಡುವಿರಿ.

ಒಂದೇ ಹೆಸರಿನ ಎರಡು ಕಾರ್ಡು

ಮೂರನೆಯ ಅಂಗಡಿ ಮೊದಲ ಮಹಡಿಯಲ್ಲಿತ್ತು. ಬೆಳಕಿನ ಅಲಂಕಾರವಿರಲಿಲ್ಲ, ಗೋಡೆಯುದ್ದಕ್ಕೂ ಪೆಟ್ಟಿಗೆಗಳಿದ್ದವು. ನಡುವಯಸ್ಸಿನ ವ್ಯಾಪಾರಿ ನಮ್ಮ ಪಟ್ಟಿಯನ್ನು ಓದಿ, ಕಾಗದದ ಮೇಲೆ ಒಂದೊಂದರ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆದು ಕೊಟ್ಟರು. ಇದಕ್ಕೆ ಕೊಟೇಷನ್ ಎನ್ನುತ್ತಾರೆ. ಒಟ್ಟು ಬೆಲೆ ಮಾತ್ರ ಹೇಳಿ ಬಿಡಿ ಬೆಲೆ ಬರೆದುಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಯಾವುದರಲ್ಲಿ ಹೆಚ್ಚು ಸೇರಿಸಿದ್ದಾರೆ, ಯಾವುದರಲ್ಲಿ ಕಳಪೆ ಹಾಕಿದ್ದಾರೆ ಎಂದು ತಿಳಿಯುವುದೇ ಇಲ್ಲ. ನಾವು ಅಂತಹ ಮೂರು ಕಾಗದಗಳನ್ನು ಸಂಗ್ರಹಿಸಿ, ಚಹಾದ ಅಂಗಡಿಯಲ್ಲಿ ಕುಳಿತು ಸಾಲು ಸಾಲಾಗಿ ಹೋಲಿಸಿದೆವು.

ಅದರಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಬೇರೊಂದು ಅಂಗಡಿಯ ಕಾಗದದಲ್ಲಿ ಗ್ರಾಫಿಕ್ಸ್ ಕಾರ್ಡಿನ ಜಾಗದಲ್ಲಿ "ಆರ್‌ಟಿಎಕ್ಸ್ 3050" ಎಂದಷ್ಟೇ ಇತ್ತು, ಬೆಲೆ ತುಂಬ ಕಡಿಮೆ. ಎನ್‌ವಿಡಿಯಾ ಕಂಪೆನಿ ಈ ಹೆಸರಿನ 8 ಜಿಬಿ ಕಾರ್ಡನ್ನು 2022ರಲ್ಲಿ ತಂದಿತು. 2024ರಲ್ಲಿ ಅದೇ ಹೆಸರಿನ 6 ಜಿಬಿ ಕಾರ್ಡು ಬಂತು. ವ್ಯತ್ಯಾಸ ಮೆಮೊರಿಯಲ್ಲಿ ಮಾತ್ರವಲ್ಲ. ಮೊದಲನೆಯದರಲ್ಲಿ ಲೆಕ್ಕ ಮಾಡುವ ಘಟಕಗಳು 2560, ಎರಡನೆಯದರಲ್ಲಿ 2304. ಮೆಮೊರಿಯ ದಾರಿಯೂ ಕಿರಿದು. ಕರೆಂಟು ಕಡಿಮೆ ತಿನ್ನುತ್ತದೆಂಬ ಗುಣ ಎರಡನೆಯದಕ್ಕಿದೆ, ಸಣ್ಣ ಎಸ್‌ಎಂಪಿಎಸ್ ಇರುವವರಿಗೆ ಅದು ಉಪಯುಕ್ತವೂ ಹೌದು. ಆದರೆ ಎಂಟರ ನಿರೀಕ್ಷೆಯಲ್ಲಿ ಆರನ್ನು ಕೊಳ್ಳಬಾರದಲ್ಲವೇ? ಕಾರ್ಡಿನ ಹೆಸರಿನ ಜೊತೆ "ಎಷ್ಟು ಜಿಬಿ, ಯಾವ ಮಾದರಿ" ಎಂಬುದನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.

ನಾವು ಕೊನೆಗೆ ಆರಿಸಿದ್ದು ಎಎಂಡಿ ಕಂಪೆನಿಯ ಆರ್‌ಎಕ್ಸ್ 6600, 8 ಜಿಬಿಯದ್ದು. 2021ರಲ್ಲಿ ಬಂದ ಕಾರ್ಡಾದರೂ ಫುಲ್ ಎಚ್‌ಡಿ ಆಟಕ್ಕೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಪ್ರೊಸೆಸರ್ ಅದೇ ಕಂಪೆನಿಯ ರೈಜೆನ್ 5 5600, ಆರು ಕೋರಿನದು. ಪೆಟ್ಟಿಗೆಯೊಳಗೆ ಫ್ಯಾನೂ ಜೊತೆಗೇ ಬರುತ್ತದೆ, ಬೇರೆ ಕೊಳ್ಳಬೇಕಿಲ್ಲ. ರ‍್ಯಾಮ್ ಒಂದೇ 16 ಜಿಬಿಯ ಬದಲು 8 ಜಿಬಿಯ ಎರಡು ತೆಗೆದುಕೊಂಡೆವು. ಎರಡು ದಾರಿಯಲ್ಲಿ ಏಕಕಾಲಕ್ಕೆ ಮಾಹಿತಿ ಓಡಾಡುವುದರಿಂದ ಆಟಕ್ಕೆ ಅದು ಒಳ್ಳೆಯದು.

ಇಲ್ಲಿ ಅಕ್ಷರಗಳ ಕಡೆಗೂ ಗಮನವಿರಲಿ. ಇಂಟೆಲ್ ಪ್ರೊಸೆಸರಿನ ಕೊನೆಯಲ್ಲಿ 'ಎಫ್' ಇದ್ದರೆ, ಉದಾಹರಣೆಗೆ 12100ಎಫ್, ಅದಕ್ಕೆ ಸ್ವಂತ ಚಿತ್ರ ಕೊಡುವ ಶಕ್ತಿಯಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪು. ರೈಜೆನ್ 5600ರದ್ದೂ ಅದೇ ಕಥೆ. 5600ಜಿ ಎಂದು 'ಜಿ' ಇದ್ದರೆ ಒಳಗೇ ಸಣ್ಣ ಗ್ರಾಫಿಕ್ಸ್ ಇರುತ್ತದೆ. ಹಣ ತೀರ ಕಡಿಮೆಯಿದ್ದರೆ ಈ 'ಜಿ' ಪ್ರೊಸೆಸರ್ ಕೊಂಡು, ಹಗುರವಾದ ಆಟಗಳಲ್ಲಿ ಒಂದು ವರ್ಷ ತೃಪ್ತಿಪಟ್ಟು, ಮುಂದೆ ಕಾರ್ಡು ಸೇರಿಸಬಹುದು. ಸಾಲ ಮಾಡುವುದಕ್ಕಿಂತ ಅದು ಎಷ್ಟೋ ಮೇಲು.

ಕಣ್ಣಿಗೆ ಕಾಣದ ಡಬ್ಬಿ

ಕಡಿಮೆ ಹಣದ ಕಂಪ್ಯೂಟರಿನಲ್ಲಿ ಅತಿ ಹೆಚ್ಚು ಅನ್ಯಾಯಕ್ಕೊಳಗಾಗುವ ಭಾಗ ಎಸ್‌ಎಂಪಿಎಸ್. ಇದು ಹೊಳೆಯುವುದಿಲ್ಲ, ಆಟದ ವೇಗ ಹೆಚ್ಚಿಸುವುದಿಲ್ಲ. ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5, 3.3 ವೋಲ್ಟಿಗೆ ಇಳಿಸಿ ಎಲ್ಲರಿಗೂ ಬಡಿಸುತ್ತದೆ. ಮನೆಯಲ್ಲಿ ಅಡುಗೆ ಮಾಡುವವರಂತೆ. ಅದು ಸರಿಯಿರುವವರೆಗೆ ಯಾರೂ ನೆನೆಯುವುದಿಲ್ಲ, ಕೈಕೊಟ್ಟರೆ ಇಡೀ ಮನೆ ನಿಲ್ಲುತ್ತದೆ. ಕಳಪೆ ಎಸ್‌ಎಂಪಿಎಸ್ ಸುಡುವಾಗ ತಾನೊಂದೇ ಸುಡುವುದಿಲ್ಲ, ಕೆಲವೊಮ್ಮೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ಕ್ಯಾಬಿನೆಟ್ಟಿನ ಜೊತೆ ಉಚಿತವೆಂದು ಕೊಡುವ ಎಸ್‌ಎಂಪಿಎಸ್‌ನ ಮೇಲೆ 450, 500 ವ್ಯಾಟ್ ಎಂದು ಬರೆದಿರುತ್ತದೆ. ಬರೆದದ್ದೆಲ್ಲ ನಿಜವಲ್ಲ. ಹೆಸರಾಂತ ಕಂಪೆನಿಯದ್ದು, ಅದರಲ್ಲೂ '80 ಪ್ಲಸ್' ಗುರುತು ಇರುವುದನ್ನು ನೋಡಿ. ಎಳೆದುಕೊಂಡ ಕರೆಂಟಿನಲ್ಲಿ ನೂರಕ್ಕೆ ಕನಿಷ್ಠ 80ರಷ್ಟನ್ನು ವ್ಯರ್ಥ ಮಾಡದೆ ಮುಂದಕ್ಕೆ ಕೊಡುತ್ತದೆಂಬುದು ಆ ಗುರುತಿನ ಅರ್ಥ. ಅದು ಮಿತವ್ಯಯದ ಗುರುತೇ ಹೊರತು ಗಟ್ಟಿತನದ ಪ್ರಮಾಣಪತ್ರವಲ್ಲ. ಆದ್ದರಿಂದ ವಾರಂಟಿ ಎಷ್ಟು ವರ್ಷವೆಂದೂ ಕೇಳಿ. ಆರ್‌ಎಕ್ಸ್ 6600 ಕಾರ್ಡು 132 ವ್ಯಾಟ್ ಬಳಸುತ್ತದೆ. ಅದಕ್ಕೆ 450 ವ್ಯಾಟಿನ ಎಸ್‌ಎಂಪಿಎಸ್ ಸಾಕೆಂದು ಎಎಂಡಿ ಹೇಳುತ್ತದೆ. ಮುಂದೆ ಕಾರ್ಡು ಬದಲಿಸಬೇಕಾದೀತೆಂದು ನಾವು 550ರದ್ದು ಕೊಂಡೆವು.

ಇಲ್ಲಿಯೇ ತಾಯಿ ಮಗನ ನಡುವೆ ಸಣ್ಣ ಜಗ್ಗಾಟ ನಡೆಯಿತು. ಒಳ್ಳೆಯ ಎಸ್‌ಎಂಪಿಎಸ್ ತೆಗೆದುಕೊಂಡರೆ ಬೆಳಕಿನ ಕ್ಯಾಬಿನೆಟ್ಟಿಗೆ ಹಣ ಉಳಿಯುವುದಿಲ್ಲ. ಹುಡುಗ ಸುಮ್ಮನೆ ನಿಂತ. ಅಕ್ಕ ಗದರಲಿಲ್ಲ. "ಎರಡೂ ನಿನ್ನ ಮುಂದಿದೆ ಬೇಟಾ. ನೀನೇ ಕಲಿಸಿದ್ದು ನಮಗೆ. ನೀನೇ ಹೇಳು" ಎಂದಳು. ಅವನು ಸ್ವಲ್ಪ ಹೊತ್ತು ಎರಡು ಪೆಟ್ಟಿಗೆಗಳನ್ನೂ ನೋಡಿ, ಮುಂಭಾಗದಲ್ಲಿ ಜಾಲರಿಯಿರುವ ಸಾದಾ ಕಪ್ಪು ಕ್ಯಾಬಿನೆಟ್ಟನ್ನು ಮುಟ್ಟಿ "ಇದರಲ್ಲಿ ಗಾಳಿ ಚೆನ್ನಾಗಿ ಆಡುತ್ತೆ ಅಮ್ಮಿ" ಎಂದ. ಆ ದಿನದ ಖರೀದಿಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಕಂಡದ್ದು ಅದೇ ಮಾತು.

ಎಸ್‌ಎಂಪಿಎಸ್ ಎಷ್ಟು ಒಳ್ಳೆಯದಾದರೂ ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇರಲೇಬೇಕು. ಕಂಪ್ಯೂಟರಿನ ಕಬ್ಬಿಣದ ಭಾಗ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲದಿರಬಹುದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಬಳಸಲೇಬೇಡಿ. ಎಲೆಕ್ಟ್ರಿಷಿಯನ್‌ಗೆ ಕೊಡುವ ಕೂಲಿಯನ್ನೂ ಕಂಪ್ಯೂಟರಿನ ಖರ್ಚಿನಲ್ಲೇ ಸೇರಿಸಿಕೊಳ್ಳಿ.

ಬಿಲ್ಲು, ಪೆಟ್ಟಿಗೆ, ನಂಬರು

ಹಣ ಎಣಿಸುವ ಹೊತ್ತಿಗೆ ಕೆಲವು ಕಡೆ ಇನ್ನೊಂದು ಮಾತು ಬರುತ್ತದೆ. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡಿಕೊಡ್ತೀವಿ ಮೇಡಂ." ಕಂಪ್ಯೂಟರ್ ಭಾಗಗಳ ಮೇಲೆ ಜಿಎಸ್‌ಟಿ 18 ಶೇಕಡ. ಹೊಲಿದು ಉಳಿಸಿದ ಹಣದಲ್ಲಿ ಅದು ಸಣ್ಣ ಮೊತ್ತವಲ್ಲ, ಆಸೆಯಾಗುವುದು ಸಹಜ. ಆದರೆ ತೆರಿಗೆ ತಪ್ಪಿಸಿ ಕೊಂಡ ಸರಕಿಗೆ ಬಿಲ್ಲಿಲ್ಲ; ಬಿಲ್ಲಿಲ್ಲದಿದ್ದರೆ ವಾರಂಟಿ ಕೇಳಲು ಬಾಯಿಯೂ ಇಲ್ಲ. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತದೆ. 'ಟ್ರೇ' ಎಂದು ಪೆಟ್ಟಿಗೆಯಿಲ್ಲದೆ ಮಾರುವುದಕ್ಕೆ ಅಂಗಡಿಯವರ ಮಾತೇ ವಾರಂಟಿ.

ಬಿಲ್ಲಿನಲ್ಲಿ ಪ್ರತಿ ಭಾಗದ ಮಾದರಿ ಮತ್ತು ಸೀರಿಯಲ್ ನಂಬರ್ ಬರೆದಿರಲಿ. ಪೆಟ್ಟಿಗೆಯ ಮೇಲಿನ ನಂಬರೂ ಒಳಗಿನ ವಸ್ತುವಿನ ನಂಬರೂ ಒಂದೇ ಆಗಿರಬೇಕು. ಖಾಲಿ ಪೆಟ್ಟಿಗೆಗಳನ್ನು ಎಸೆಯದೆ ಅಟ್ಟದ ಮೇಲಿಡಿ. ಆರು ತಿಂಗಳ ನಂತರ ನಮ್ಮ ಎರಡು ರ‍್ಯಾಮ್‌ಗಳಲ್ಲಿ ಒಂದು ಕೆಟ್ಟಿತು. ಅಕ್ಕ ಬಿಲ್ಲು ಮತ್ತು ರ‍್ಯಾಮ್ ತೆಗೆದುಕೊಂಡು ಒಬ್ಬಳೇ ಬೆಂಗಳೂರಿಗೆ ಹೋಗಿ ಕೊಟ್ಟು ಬಂದಳು. ಹಣ ಕೊಡದೆ ಹೊಸದು ಸಿಕ್ಕಿತು.

ಜೋಡಿಸುವ ಕೆಲಸವನ್ನು ಆ ವ್ಯಾಪಾರಿ ನಮ್ಮ ಕಣ್ಣೆದುರೇ ಮಾಡಿಸಿದರು. ನೀವೂ ಹಾಗೆಯೇ ಎದುರಲ್ಲೇ ಮಾಡಿಸಿ. ಆನ್ ಮಾಡಿ, ಪರದೆಯಲ್ಲಿ ಪ್ರೊಸೆಸರ್, ರ‍್ಯಾಮ್, ಕಾರ್ಡಿನ ಹೆಸರು ಬಿಲ್ಲಿನಂತೆಯೇ ಇದೆಯೇ ನೋಡಿ. ವಿಂಡೋಸ್ ಅಸಲಿ ಪ್ರತಿಯೋ ನಕಲಿಯೋ ಎಂದು ಕೇಳಿ; ಅಸಲಿಗೆ ಬೇರೆ ಹಣ ಕೊಡಬೇಕಾಗುತ್ತದೆ. ಅಷ್ಟು ಆಗದಿದ್ದರೆ ಹಣ ಕೊಡದೆ ಸಿಗುವ ಲಿನಕ್ಸ್ ಇದೆ, ಅದರಲ್ಲೂ ಅನೇಕ ಆಟಗಳು ಓಡುತ್ತವೆ. ಎಲ್ಲವೂ ಓಡುವುದಿಲ್ಲ, ಆದ್ದರಿಂದ ಮಗನಿಗೆ ಬೇಕಾದ ಆಟದ ಬಗ್ಗೆ ಮೊದಲೇ ವಿಚಾರಿಸಿ. ದೂರದ ಊರಿಗೆ ಒಯ್ಯುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಕಳಚಿ ಅದರ ಪೆಟ್ಟಿಗೆಯಲ್ಲೇ ಇಡಿ. ಬಸ್ಸಿನ ಕುಲುಕಾಟಕ್ಕೆ ಭಾರದ ಕಾರ್ಡು ಮದರ್‌ಬೋರ್ಡಿನ ಗಾಡಿಯನ್ನು ಮುರಿಯಬಹುದು. ಮನೆಯಲ್ಲಿ ಮತ್ತೆ ಸಿಕ್ಕಿಸಿದ ಮೇಲೆ ಪರದೆಯ ತಂತಿಯನ್ನು ಮದರ್‌ಬೋರ್ಡಿಗಲ್ಲ, ಆ ಕಾರ್ಡಿಗೇ ಜೋಡಿಸಬೇಕು. ಎಷ್ಟೋ ಮನೆಗಳಲ್ಲಿ "ಕಂಪ್ಯೂಟರ್ ಕೆಟ್ಟಿದೆ" ಎಂಬ ಗಾಬರಿಗೆ ಕಾರಣ ಇಷ್ಟೇ.

ಇಂದು ಹೋಗುವವರಿಗೆ

ನಮ್ಮ ಪಟ್ಟಿಯ ಬೆಲೆಗಳನ್ನು ನಾನು ಬೇಕೆಂದೇ ಇಲ್ಲಿ ಬರೆದಿಲ್ಲ. ಎಸ್.ಪಿ. ರೋಡಿನಲ್ಲಿ ಬೆಳಿಗ್ಗೆಯ ಬೆಲೆ ಸಂಜೆಗಿರುವುದಿಲ್ಲ. 2025ರ ಕೊನೆಯ ತಿಂಗಳುಗಳಿಂದಂತೂ ರ‍್ಯಾಮ್ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮೆಮೊರಿ ಚಿಪ್ಪುಗಳು ಹೋಗುತ್ತಿರುವುದೇ ಇದಕ್ಕೆ ಕಾರಣ. 'ಕ್ರೂಷಿಯಲ್' ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪೆನಿ ಆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಆದುದರಿಂದ ನಮ್ಮ ನೂರು ರೂಪಾಯಿಯಲ್ಲಿ ರ‍್ಯಾಮ್‌ಗೆ ಇಟ್ಟ ಏಳು ರೂಪಾಯಿ ಈಗ ಸಾಲದು. ಹಾಗೆಂದು ಎಸ್‌ಎಂಪಿಎಸ್‌ನಿಂದ ಕಿತ್ತು ಅಲ್ಲಿಗೆ ಹಾಕಬೇಡಿ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಅದರ ರ‍್ಯಾಮ್ ಡಿಡಿಆರ್4 ಆಗಿದೆಯೇ ನೋಡಿ. ಆಗಿದ್ದರೆ ಅದೇ ಜಾತಿಯ ಮದರ್‌ಬೋರ್ಡಿನಲ್ಲಿ ಕೂರಿಸಬಹುದು. ಡಿಡಿಆರ್4 ಮತ್ತು ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಹಳೆಯ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರು ಸ್ವಲ್ಪ ಎಚ್ಚರವಾಗಿರಬೇಕು. ಒಂದು ಕಾಲದಲ್ಲಿ ಈಥರ್ ಎಂಬ ಡಿಜಿಟಲ್ ನಾಣ್ಯ ಗಳಿಸಲು ಇಂತಹ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ವಿಧಾನ ನಿಂತಾಗ ದಣಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಹಳೆಯ ಕಾರ್ಡಿಗೆ ಹೊಸ ಮಾದರಿಯ ಹೆಸರು ತುಂಬಿ ಮಾರುವ ಮೋಸವೂ ಇದೆ. ಅರ್ಧ ಗಂಟೆಯಾದರೂ ಆಟ ಓಡಿಸಿ ನೋಡದೆ, ವಾರಂಟಿ ಉಳಿದಿದೆಯೇ ಎಂದು ಕೇಳದೆ ಕೊಳ್ಳಬೇಡಿ.

ಮಕ್ಕಳು ಆಟದಲ್ಲೇ ಮುಳುಗಿ ಹೋದರೆ ಎಂಬ ನಿಮ್ಮ ಚಿಂತೆಯೂ ನ್ಯಾಯವಾದದ್ದೇ. ಅಕ್ಕ ಕಂಪ್ಯೂಟರನ್ನು ಮಗನ ಕೋಣೆಯಲ್ಲಿಡದೆ ನಡುಮನೆಯಲ್ಲಿ, ತನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟಿದ್ದಾಳೆ. ಹೇಗೂ ಪರದೆ ಟಿ.ವಿ.ಯದ್ದೇ ಆದ್ದರಿಂದ ಎಲ್ಲರ ಕಣ್ಣೆದುರೇ ಆಟ ನಡೆಯುತ್ತದೆ. ಹುಡುಗ ಈಗ ಡಿಗ್ರಿ ಓದುತ್ತಾ, ಬಿಡುವಿನಲ್ಲಿ ಊರಿನವರ ಮದುವೆ ವೀಡಿಯೋಗಳನ್ನು ಎಡಿಟ್ ಮಾಡಿಕೊಡುತ್ತಾನೆ. ತಾಯಿ ಒಂದು ಯಂತ್ರದಲ್ಲಿ, ಮಗ ಇನ್ನೊಂದರಲ್ಲಿ.

ನಿಮ್ಮ ಮಗ ಅಥವಾ ಮಗಳು ಕೇಳಿದಾಗ ನೀವು "ಬೇಡ" ಎನ್ನಬಹುದು, "ಆಗಲಿ" ಎನ್ನಬಹುದು. ಅದು ನಿಮ್ಮ ಮನೆಯ ಪರಿಸ್ಥಿತಿಗೆ ಬಿಟ್ಟದ್ದು. ಆದರೆ "ಆಗಲಿ" ಎಂದರೆ ಹಣವನ್ನು ಅವರ ಕೈಗೆ ಕೊಟ್ಟು ಕಳುಹಿಸಿ ಸುಮ್ಮನಾಗಬೇಡಿ. ಮೊದಲು ಅವರಿಂದಲೇ ಪಟ್ಟಿ ಬರೆಸಿ. ಪ್ರತಿ ಸಾಲಿನ ಎದುರು "ಇದು ಏಕೆ?" ಎಂದು ಕೇಳಿ. ಉತ್ತರ ಹೇಳಲಾಗದ ಸಾಲಿಗೆ ಹಣವಿಲ್ಲವೆನ್ನಿ. ಆಮೇಲೆ ಆ ಪಟ್ಟಿ ಹಿಡಿದು, ಭಾನುವಾರ ಬಿಟ್ಟು ಬೇರೊಂದು ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮಕ್ಕಳ ಜೊತೆ ನೀವೂ ಹೋಗಿ.